ಸಿಂಹರಾಜ ಕಾಡಿನ ಪುಟ್ಟ ಗೂಬೆ ಸಂಡೂರಿನಲ್ಲಿ ಇರಬಹುದೇ?

ಪ್ರಶ್ನೆ (ಸಂಡೂರಿನ ಶಿಕ್ಷಕಿ):
ಶ್ರೀಲಂಕಾದಲ್ಲಿ ಮಾತ್ರ ಇರುವ ಸೆರೆಂಡಿಬ್ ಸ್ಕಾಪ್ಸ್ ಎಂಬ ಚಿಕ್ಕ ಗೂಬೆ 2001ರವರೆಗೆ ಯಾರಿಗೂ ತಿಳಿದಿರಲಿಲ್ಲವೆಂದು ಮಕ್ಕಳಿಗೆ ಹೇಳಿದೆ. ಪಕ್ಷಿತಜ್ಞರು ತಲೆಮಾರುಗಳಿಂದ ಓಡಾಡಿದ ಆ ದ್ವೀಪದಲ್ಲಿ ಅದು ಹೇಗೆ ಮರೆಯಾಗಿ ಉಳಿಯಿತು, ನಮ್ಮ ಗುಡ್ಡಗಾಡಿನಲ್ಲೂ ಇರಬಹುದಲ್ಲವೇ ಎಂದು ಅವರು ಕೇಳುತ್ತಿದ್ದಾರೆ. ಬಲ್ಲವರು ದಯವಿಟ್ಟು ತಿಳಿಸಬೇಕು.

ಉತ್ತರ (ಗಂಗಾವತಿಯಿಂದ):
ಮೇಡಂ, ಈ ಹಕ್ಕಿ ಮೊದಲು ಸಿಕ್ಕಿದ್ದು ಕಿವಿಗೆ. 1995ರಲ್ಲಿ ಶ್ರೀಲಂಕಾದ ಕಿತುಲ್‌ಗಲದ ಕಾಡಿನಲ್ಲಿ ಅಲ್ಲಿನ ಪಕ್ಷಿತಜ್ಞ ದೀಪಲ್ ವರಕಗೊಡ ಅವರಿಗೆ ಯಾವ ಗೂಬೆಯದೆಂದು ಗುರುತಿಸಲಾಗದ ಒಂದು ಕೂಗು ಕೇಳಿಸಿತು. ಆ ದನಿಯ ಒಡೆಯನನ್ನು ಅವರು ಕಣ್ಣಾರೆ ಕಂಡದ್ದು 2001ರ ಜನವರಿಯಲ್ಲಿ, ಅದೇ ದ್ವೀಪದ ಸಿಂಹರಾಜ ಕಾಡಿನಲ್ಲಿ. 2004ರಲ್ಲಿ ಅವರು ಮತ್ತು ಪಕ್ಷಿತಜ್ಞೆ ಪಮೇಲಾ ರಾಸ್ಮುಸ್ಸೆನ್ ಅದನ್ನು ಹೊಸ ಪ್ರಭೇದವೆಂದು ವಿವರಿಸಿದರು. 1868ರ ನಂತರ ಶ್ರೀಲಂಕಾದಲ್ಲಿ ಪತ್ತೆಯಾದ ಮೊದಲ ಹೊಸ ಹಕ್ಕಿ ಇದು. ಸುಮಾರು 16-17 ಸೆಂಟಿಮೀಟರ್ ಉದ್ದದ, ಕೆಂಗಂದು ಮೈಯ, ಕಿವಿಗರಿ ಎದ್ದು ಕಾಣದ ಈ ಹಕ್ಕಿ ನೆಲಕ್ಕೆ ಸಮೀಪದ ದಟ್ಟ ಪೊದೆಗಳಲ್ಲಿ ಕತ್ತಲಾದ ಮೇಲೆ ಹುಳು ಹಿಡಿಯುತ್ತದೆ. ಮೆಲುದನಿಯ ಒಂದೇ ಚಿಕ್ಕ ಕೂಗನ್ನು ಬಿಟ್ಟು ಬಿಟ್ಟು ಕೂಗುತ್ತದೆ. ತಾಳ್ಮೆಯಿಂದ ಆಲಿಸುವ ಕಿವಿ ಇಲ್ಲದಿದ್ದರೆ ಇಂದಿಗೂ ಅದು ಸಿಗುತ್ತಿರಲಿಲ್ಲ ಎಂದೇ ನನ್ನ ನಂಬಿಕೆ.

ಉತ್ತರ (ಬಳ್ಳಾರಿಯಿಂದ):
ಸಂಡೂರಿನಲ್ಲಿ ಅದು ಇರಲಾರದು. ಅದರ ನೆಲೆ ದ್ವೀಪದ ನೈಋತ್ಯ ಭಾಗದ, ಹೆಚ್ಚು ಎತ್ತರವಿಲ್ಲದ ಮಳೆಕಾಡು. ನಮ್ಮದು ಬೇಸಿಗೆಯಲ್ಲಿ ಎಲೆ ಉದುರಿಸುವ ಒಣ ಕಾಡು. ಹಿಂದೆ ಸಮುದ್ರ ಇಳಿದಿದ್ದ ಕಾಲದಲ್ಲಿ ಶ್ರೀಲಂಕಾ ಭಾರತಕ್ಕೆ ನೆಲದಿಂದ ಕೂಡಿಕೊಂಡಿದ್ದರೂ, ನಡುವಿನ ಒಣ ಬಯಲು ಮಳೆಕಾಡಿನ ಜೀವಿಗಳಿಗೆ ಸುಲಭದ ದಾರಿಯಲ್ಲ. ಇದಕ್ಕೆ ತದ್ವಿರುದ್ಧವಾದ ಸಂಗತಿಯನ್ನೂ ಮಕ್ಕಳಿಗೆ ಹೇಳಿ: ನಮ್ಮ ಹೊಲದ ಬದುವಿನ ಹಳೆಯ ಮರಗಳ ಪೊಟರೆಯಲ್ಲಿರುವ ಹಾಲಕ್ಕಿ ಎಂಬ ಚಿಕ್ಕ ಗೂಬೆ ಶ್ರೀಲಂಕಾದಲ್ಲಿ ಇಲ್ಲ.

ಉತ್ತರ (ರಾಯಚೂರಿನಿಂದ):
ಹೆಸರಿನ ಹಿನ್ನೆಲೆಯನ್ನೂ ಸೇರಿಸುತ್ತೇನೆ. ಪ್ಲೈವುಡ್‌ಗಾಗಿ ಸಿಂಹರಾಜದ ಮರಗಳನ್ನು ಕಡಿಯುತ್ತಿದ್ದ 1970ರ ದಶಕದಲ್ಲಿ ಅದನ್ನು ತಡೆಯಲು ಹೋರಾಡಿದ ಥಿಲೊ ಹಾಫ್‌ಮನ್ ಅವರ ಗೌರವಾರ್ಥ ಈ ಗೂಬೆಗೆ ವೈಜ್ಞಾನಿಕ ಹೆಸರಿಟ್ಟಿದ್ದಾರೆ. 1988ರಲ್ಲಿ ಆ ಕಾಡು ವಿಶ್ವ ಪರಂಪರೆಯ ತಾಣವಾಯಿತು. ಕಾಡು ತುಂಡುತುಂಡಾಗಿ ಉಳಿದಿರುವುದರಿಂದ ಹಕ್ಕಿ ಇಂದಿಗೂ ಅಳಿವಿನಂಚಿನಲ್ಲಿದೆ.

ಪ್ರಶ್ನೆ ಕೇಳಿದವರು:
ಎಲ್ಲರಿಗೂ ಕೃತಜ್ಞತೆಗಳು. ರಾತ್ರಿ ಕೇಳುವ ಗೂಬೆಗಳ ಕೂಗನ್ನು ಮೊಬೈಲಿನಲ್ಲಿ ದಾಖಲಿಸಿಕೊಳ್ಳಲು ಮಕ್ಕಳಿಗೆ ಹೇಳಬಹುದೇ?

ಉತ್ತರ (ಗಂಗಾವತಿಯಿಂದ):
ಅಗತ್ಯವಾಗಿ ಹೇಳಿ, ಮನೆಯಂಗಳದಿಂದಲೇ ಆರಂಭಿಸಲಿ. ಆದರೆ ಹಕ್ಕಿಯನ್ನು ಸೆಳೆಯಲು ಆ ದನಿಯನ್ನು ಮತ್ತೆ ಅದಕ್ಕೇ ಕೇಳಿಸಬಾರದು. ಎದುರಾಳಿ ಬಂದಿತೆಂದು ಅದು ಗೂಡು, ಬೇಟೆ ಎರಡನ್ನೂ ಬಿಟ್ಟು ಬರುತ್ತದೆ.