ಸ್ಯಾಂಕ್ಷನ್‌ಗೆ ಕನ್ನಡದಲ್ಲಿ ಏನು? ಸಂಜೆ ಒಳಗೆ ಬೇಕು

(ದಾವಣಗೆರೆಯಿಂದ)

ಎಲ್ಲರಿಗೂ ನಮಸ್ಕಾರ. ಒಂದು ಪದ ಬೇಕಿತ್ತು, ಅರ್ಜೆಂಟು. ನಮ್ಮ ಕಾಲೇಜಿನಲ್ಲಿ ನಾಳೆ ಚರ್ಚಾಸ್ಪರ್ಧೆ ಇದೆ. ವಿಷಯ ಇಂಗ್ಲಿಷಿನಲ್ಲಿ ಬಂದಿದೆ. ಒಂದು ದೇಶ ಇನ್ನೊಂದರ ಮೇಲೆ ಹಾಕುವ ಎಕನಾಮಿಕ್ ಸ್ಯಾಂಕ್ಷನ್ಸ್ ನ್ಯಾಯವಾ, ಅದರಿಂದ ಕೆಲಸ ಆಗುತ್ತಾ ಅಂತ. ಬ್ಯಾನರ್ ಕನ್ನಡದಲ್ಲಿ ಬೇಕು. ಸಂಜೆ ಆರರೊಳಗೆ ಮ್ಯಾಟರ್ ಕೊಡದಿದ್ದರೆ ನಾಳೆಗೆ ಆಗಲ್ಲ ಅಂದಿದ್ದಾರೆ ಅಂಗಡಿಯವರು.

ಮೊದಲು ‘ಆರ್ಥಿಕ ಸ್ಯಾಂಕ್ಷನ್’ ಅಂತಲೇ ಬರೆದುಕೊಂಡು ಹೋಗಿದ್ದೆ. ಡಿಟಿಪಿ ಹುಡುಗ ಟೈಪ್ ಮಾಡುತ್ತಾ, ‘ಯಾವ ಬ್ಯಾಂಕಿಂದು ಸರ್, ಸಾಲ ಮೇಳನಾ?’ ಅಂದ. ತಪ್ಪು ಅವನದಲ್ಲ. ಲೋನ್ ಸ್ಯಾಂಕ್ಷನ್ ಆಯ್ತು, ಬೋರ್‌ವೆಲ್ ಸ್ಯಾಂಕ್ಷನ್ ಆಯ್ತು, ದಿನಾ ಕಿವಿಗೆ ಬೀಳೋದು ಇದೇ. ಇಂಗ್ಲಿಷಿನಲ್ಲಿ ಒಂದೇ ಪದಕ್ಕೆ ಮಂಜೂರಾತಿ, ದಂಡನೆ ಎರಡೂ ಅರ್ಥ. ನಮ್ಮ ಕಡೆಗೆ ಬರುವಾಗ ದಂಡನೆ ದಾರಿಯಲ್ಲೇ ಉಳಿದುಬಿಟ್ಟಿದೆ.

ಪತ್ರಿಕೆಗಳಲ್ಲಿ ನಿರ್ಬಂಧ, ದಿಗ್ಬಂಧನ ಎರಡೂ ನೋಡಿದ್ದೇನೆ. ಯಾವುದು ಸರಿ? ‘ನಿರ್’ ಅಂದರೆ ಇಲ್ಲ ಅಂತ ಅಲ್ವಾ, ಹಾಗಾದರೆ ನಿರ್ಬಂಧ ಅಂದರೆ ಬಂಧ ಇಲ್ಲದ್ದು ಅಂತ ಆಗಲ್ವಾ?

(ಉತ್ತರ)

ದಿಗ್ಬಂಧನ. ಮುಗೀತು. ಇದಕ್ಕೆಲ್ಲ ಚರ್ಚೆ ಯಾಕೆ.

(ಚಿತ್ರದುರ್ಗದಿಂದ)

ಮುಗಿಯಲಿಲ್ಲ.

ಮೊದಲು ‘ನಿರ್’ ವಿಷಯ. ನಿರ್ಮಾಣ ಅಂದರೆ ಮಾನ ಇಲ್ಲದ್ದಾ? ನಿರ್ಣಯ ಅಂದರೆ ನಯ ಇಲ್ಲದ್ದಾ? ಮೂವತ್ತೆರಡು ವರ್ಷ ಪಾಠ ಮಾಡಿದ್ದೇನೆ, ಈ ಪ್ರಶ್ನೆ ಮಾತ್ರ ಪ್ರತಿ ವರ್ಷ ಬರುತ್ತಿತ್ತು. ಸಂಸ್ಕೃತದಲ್ಲಿ ನಿರ್ಬಂಧ ಅಂದರೆ ಹಟ, ಪಟ್ಟು ಹಿಡಿಯುವುದು. ಹಳಬರು ‘ನಿರ್ಬಂಧ ಮಾಡಿ ಊಟಕ್ಕೆ ಕೂರಿಸಿದರು’ ಅಂದರೆ ಬಲವಂತ ಅಂತ ಅರ್ಥ. ಊಟ ನಿಲ್ಲಿಸಿದರು ಅಂತಲ್ಲ!

ನಿರ್ಬಂಧ, ದಿಗ್ಬಂಧನ ಎರಡೂ ಸಂಸ್ಕೃತದಿಂದ ಸಾಲ ತಂದ ಪದಗಳೇ. ಕನ್ನಡಕ್ಕೆ ಪದ ಇಲ್ಲವಾ? ನಿಮ್ಮ ಊರಿನ ಹೆಸರಲ್ಲೇ ಇದೆ ನೋಡಿ. ದಾವಣಿ ಅಂದರೆ ದನ ಕುದುರೆಗಳನ್ನು ಸಾಲಾಗಿ ಕಟ್ಟುವ ಹಗ್ಗ. ದಾವಣಿಕೆರೆಯೇ ದಾವಣಗೆರೆ ಆಯ್ತು ಅಂತಾರೆ. ಮೇವಿನ ಹತ್ತಿರ ಹೋಗದಂತೆ ದನವನ್ನು ಕಟ್ಟಿಹಾಕಿದ ಹಾಗೆ ಒಂದು ದೇಶವನ್ನು ಕಟ್ಟಿಹಾಕುವುದು. ‘ದಾವಣಿಗಟ್ಟು’ ಅಂತ ಹಾಕಿ, ಎಲ್ಲರಿಗೂ ಅರ್ಥ ಆಗುತ್ತೆ.

(ಚಳ್ಳಕೆರೆಯಿಂದ)

ಮೇಷ್ಟ್ರೇ, ಯಾರಿಗೂ ಅರ್ಥ ಆಗಲ್ಲ. ಸಾಲದ್ದಕ್ಕೆ ದಾವಣಿಯೂ ಸಂಸ್ಕೃತದ ದಾಮನಿ ಸವೆದು ಆಗಿದ್ದೇ. ಬೇಲಿ ಹಾಕಿದ ನೀವೇ ಬೇಲಿ ಹಾರಿದ್ದೀರಿ.

ದಿಗ್ಬಂಧನ ಅಂತ ಒಂದೇ ಮಾತಿನಲ್ಲಿ ಮುಗಿಸಿದವರಿಗೆ ಒಂದೆರಡು ಮಾತು. ಮಂತ್ರ ಹಾಕುವವನು ನಾಲ್ಕು ದಿಕ್ಕಿಗೂ ನಿಂಬೆಹಣ್ಣು ಕೊಯ್ದಿಟ್ಟು, ಹೊರಗಿನದು ಒಳಗೆ ಬಾರದಂತೆ, ಒಳಗಿನದು ಹೊರಗೆ ಹೋಗದಂತೆ ಮಾಡುವುದು ದಿಗ್ಬಂಧನ. ದಂಡು ಬಂದು ಕೋಟೆ ಸುತ್ತ ಕೂತರೆ ಅದೂ ದಿಗ್ಬಂಧನವೇ. ದುರ್ಗದವರಿಗೆ ಇದನ್ನು ಹೇಳಿಕೊಡಬೇಕಾ? ಕೋಟೆ ಒಳಗೆ ನೀರಿಗೆ ಅಕ್ಕ ತಂಗಿ ಹೊಂಡ, ತುಪ್ಪ ಕೂಡಿಡಲು ತುಪ್ಪದ ಕೊಳ ಇದ್ದದ್ದರಿಂದಲೇ ಹೊರಗಿನ ದಾರಿ ಮುಚ್ಚಿದರೂ ಒಳಗಿನವರು ತಡೆದುಕೊಳ್ಳುತ್ತಿದ್ದರು, ಹೈದರಾಲಿಗೆ ಕೋಟೆ ದಕ್ಕಲು 1779 ಆಗಬೇಕಾಯಿತು. ಅಲ್ಲಿ ಬಂದೂಕು ಇದೆ, ದಂಡು ಇದೆ. ಸ್ಯಾಂಕ್ಷನ್‌ನಲ್ಲಿ ಇರೋದು ಬರೀ ‘ನಿನ್ನ ಜೊತೆ ವ್ಯಾಪಾರ ಇಲ್ಲ’ ಅನ್ನೋ ಮಾತು.

ವಿಶ್ವಸಂಸ್ಥೆಯ ಸನ್ನದಿನಲ್ಲೂ ಇದು ಬೇರೆ ಬೇರೆ. 41ನೇ ವಿಧಿಯಲ್ಲಿ ಸೈನ್ಯ ಬಳಸದೆ ವ್ಯಾಪಾರ, ರೈಲು, ಹಡಗು, ಅಂಚೆ ನಿಲ್ಲಿಸುವ ಮಾತು. 42ರಲ್ಲಿ ಸೈನ್ಯದ ಮಾತು, ಬ್ಲಾಕೇಡ್, ಅಂದರೆ ಸೈನ್ಯ ನಿಲ್ಲಿಸಿ ದಾರಿ ಮುಚ್ಚೋದು, ಬರೋದು ಅಲ್ಲಿ. ನನ್ನ ಪ್ರಕಾರ ನಿರ್ಬಂಧ 41ಕ್ಕೆ, ದಿಗ್ಬಂಧನ 42ಕ್ಕೆ.

ಇದು ಸುಮ್ನೆ ಪದದ ಜಗಳ ಅಂದುಕೊಳ್ಳಬೇಡಿ. 1962ರಿಂದ ಕ್ಯೂಬಾ ಜೊತೆ ಅಮೆರಿಕ ವ್ಯಾಪಾರ ನಿಲ್ಲಿಸಿದೆ. ಅಮೆರಿಕದವರು ಅದನ್ನು ಎಂಬಾರ್ಗೊ, ಅಂದರೆ ವ್ಯಾಪಾರ ತಡೆ ಅನ್ನುತ್ತಾರೆ, ಕ್ಯೂಬಾದವರು ತಮ್ಮ ಸ್ಪ್ಯಾನಿಷಿನಲ್ಲಿ ಬ್ಲೊಕೆಯೊ, ಅಂದರೆ ಬ್ಲಾಕೇಡ್ ಅನ್ನುತ್ತಾರೆ. ಹಾಕಿದವರಿಗೆ ನಿರ್ಬಂಧ, ಹಾಕಿಸಿಕೊಂಡವರಿಗೆ ದಿಗ್ಬಂಧನ! ಬ್ಯಾನರ್ ಮೇಲೆ ದಿಗ್ಬಂಧನ ಅಂತ ಬರೆದರೆ ಅರ್ಧ ಚರ್ಚೆ ಬ್ಯಾನರೇ ಮಾಡಿಬಿಡುತ್ತೆ, ಪರ ಮಾತಾಡುವ ಮಕ್ಕಳು ಪಾಪ ಏನು ಮಾಡಬೇಕು? ಇರಾಕಿನ ವಿಷಯದಲ್ಲಿ ಮಾತ್ರ ನಾನು ಜಗಳ ಆಡಲ್ಲ. 1990ರ ಆಗಸ್ಟಿನಿಂದ ಹಡಗುಗಳನ್ನೇ ಕಾವಲು ನಿಲ್ಲಿಸಿ ತಡೆದರು. ಅಲ್ಲಿನ ಅಧ್ಯಕ್ಷ ಸದ್ದಾಂ 2003ರ ಯುದ್ಧದವರೆಗೂ ಕುರ್ಚಿ ಬಿಡಲಿಲ್ಲ, ಅನ್ನ ಔಷಧಿಗೆ ಒದ್ದಾಡಿದ್ದು ಜನ. ಅದನ್ನು ದಿಗ್ಬಂಧನ ಅಂದರೆ ಸರಿಯೇ. ಇನ್ನು ದಕ್ಷಿಣ ಆಫ್ರಿಕಾದ ಜೊತೆ ಭಾರತ 1946ರಲ್ಲೇ ವ್ಯಾಪಾರ ನಿಲ್ಲಿಸಿತು. ಅದಕ್ಕೆ ಬಹಿಷ್ಕಾರ ಚೆನ್ನಾಗಿ ಒಪ್ಪುತ್ತೆ. ಆದರೆ ನಮ್ಮ ಹಳ್ಳಿಗಳಲ್ಲಿ ಬಹಿಷ್ಕಾರ ಅಂದರೆ ಒಂದು ಮನೆಯವರಿಗೆ ಅಂಗಡಿ, ಬಾವಿ ಎಲ್ಲ ಮುಚ್ಚೋದು, ಕಟ್ಟೆ ಪಂಚಾಯ್ತಿ ಕಣ್ಣ ಮುಂದೆ ಬರುತ್ತೆ. ಬೇಡ.

ಕೆಲಸ ಆಗುತ್ತಾ ಅಂತ ಕೇಳಿದರೆ ನಮ್ಮ ತಾಲ್ಲೂಕಿಗೆ ಬನ್ನಿ. 1998ರಲ್ಲಿ ಪೋಖ್ರಾನ್ ಅಣುಪರೀಕ್ಷೆ ಆದ ಮೇಲೆ ಅಮೆರಿಕದ ನಿರ್ಬಂಧದ ಪಟ್ಟಿಗೆ ಇಸ್ರೋ, ರಕ್ಷಣಾ ಸಂಶೋಧನೆಯ ಡಿಆರ್‌ಡಿಒ, ಅಣು ಸಂಶೋಧನೆಯ ಬಾರ್ಕ್ ಎಲ್ಲ ಸೇರಿದವು. ಬಾರ್ಕ್ ಅದರಿಂದ ಹೊರಬಂದದ್ದು 2025ರ ಜನವರಿಯಲ್ಲಿ. ಈ ಮೂರಕ್ಕೂ ಈಗ ನಮ್ಮ ಅಮೃತಮಹಲ್ ಕಾವಲಿನಲ್ಲಿ, ಅಂದರೆ ದನ ಮೇಯುವ ಹುಲ್ಲುಗಾವಲಿನಲ್ಲಿ, ಜಾಗ ಇದೆ, ಕುರಿ ಕಾಯೋರು ಗೋಡೆ ಸುತ್ತಿಕೊಂಡು ಹೋಗುತ್ತಾರೆ. ಅದಕ್ಕೂ ಮೊದಲೇ, 1993ರಲ್ಲಿ, ಅಮೆರಿಕದ ಒತ್ತಡಕ್ಕೆ ರಷ್ಯಾ ರಾಕೆಟ್ಟಿನ ಕ್ರಯೋಜೆನಿಕ್ (ಅತಿ ತಣ್ಣನೆಯ ಇಂಧನದ) ಎಂಜಿನ್ನಿನ ತಂತ್ರಜ್ಞಾನ ಕೊಡಲ್ಲ ಅಂದಿತ್ತು. ನಮ್ಮದೇ ಎಂಜಿನ್ ಹಾಕಿದ ಜಿಎಸ್‌ಎಲ್‌ವಿ ರಾಕೆಟ್ ಸರಿಯಾಗಿ ಹಾರಿದ್ದು 2014ರ ಜನವರಿಯಲ್ಲಿ. ನಿಲ್ಲಿಸಲು ಆಗಲಿಲ್ಲ, ಆದರೆ ಇಪ್ಪತ್ತು ವರ್ಷ ತಡ ಮಾಡಿಸಿದರು. ಇದನ್ನು ಫಲ ಅನ್ನಬೇಕಾ ಬೇಡವಾ? ಪಂಡಿತರೂ ಇಲ್ಲೇ ಕಿತ್ತಾಡಿದ್ದಾರೆ. ಸ್ಯಾಂಕ್ಷನ್ ಹಾಕಿದ 115 ಪ್ರಕರಣ ನೋಡಿದ ಒಂದು ತಂಡ 40ರಲ್ಲಿ ಫಲ ಸಿಕ್ಕಿದೆ ಅಂದರೆ, ಅದೇ ಪಟ್ಟಿ ಹಿಡಿದು ಅಮೆರಿಕದ ರಾಜ್ಯಶಾಸ್ತ್ರಜ್ಞ ರಾಬರ್ಟ್ ಪೇಪ್ ಬರೀ 5 ಅಂದರು. ಹಾಗಾಗಿ ಬ್ಯಾನರಿನಲ್ಲಿ ‘ಫಲಕಾರಿಯೇ’ ಅಂತ ಹಾಕೋದಿದ್ದರೆ ಆ ಪದದ ಮೇಲೂ ಒಂದು ಕಣ್ಣಿರಲಿ.

‘ಆರ್ಥಿಕ ನಿರ್ಬಂಧ’ ಅಂತ ಹಾಕಿ. ಅಚ್ಚಗನ್ನಡ ಬೇಕೇ ಬೇಕು ಅಂದರೆ ‘ವಹಿವಾಟು ತಡೆ’.

(ಚಿತ್ರದುರ್ಗದಿಂದ)

ವಹಿವಾಟು ಮರಾಠಿ. ಬೇಲಿ ಹಾರುವುದನ್ನು ನನ್ನೊಬ್ಬನ ಮೇಲೆ ಹಾಕಬೇಡಿ.

ಪ್ರತಿ ಸಲ ಇದೇ ಆಗುತ್ತೆ. ನಮ್ಮವರು ಒಂದು ಪದ ಕಟ್ಟಿದರೆ ನಗು, ಪತ್ರಿಕೆಯವರು ಹಿಂದಿಯಿಂದಲೋ ಸಂಸ್ಕೃತದಿಂದಲೋ ಎತ್ತಿ ಹಾಕಿದರೆ ‘ರೂಢಿ’. ದಾವಣಿ ದಾಮನಿಯಿಂದ ಬಂದಿದ್ದರೂ ಅದು ನಮ್ಮ ಕೊಟ್ಟಿಗೆಯಲ್ಲಿ ಸವೆದ ಪದ, ಅದಕ್ಕೆ ಸಗಣಿ ವಾಸನೆ ಇದೆ. ನಿಮ್ಮ ನಿರ್ಬಂಧಕ್ಕೆ ಫೈಲಿನ ವಾಸನೆ. ಆದರೂ ಕ್ಯೂಬಾದ ಮೇಲೆ ಅಮೆರಿಕ ಇಷ್ಟು ವರ್ಷ ಹಿಡಿದ ಪಟ್ಟು ನೋಡಿದರೆ ಸಂಸ್ಕೃತದ ಅರ್ಥ, ಅಂದರೆ ಹಟ, ಸರಿಯಾಗೇ ಇದೆ ಬಿಡಿ.

(ದಾವಣಗೆರೆಯಿಂದ)

ಸರ್, ಮೇಷ್ಟ್ರೇ, ಐದೂಮುಕ್ಕಾಲು ಆಯ್ತು. ನಿರ್ಬಂಧ ಅಂತಲೇ ಕೊಟ್ಟೆ. ‘ದೇಶದ ಮೇಲೆ ದೇಶ ಹಾಕುವ ಆರ್ಥಿಕ ನಿರ್ಬಂಧ: ನ್ಯಾಯವೇ? ಉಪಯೋಗ ಇದೆಯೇ?’ ಫಲಕಾರಿ ಬಿಟ್ಟೆ.

ನಡುವೆ ಚನ್ನಗಿರಿಗೆ ಫೋನ್ ಮಾಡಿ ಅಪ್ಪನನ್ನೂ ಕೇಳಿದೆ. ಅಡಿಕೆ ತೋಟ ಅವರದು. 2022ರಲ್ಲಿ ಪೊಟ್ಯಾಷ್ ಚೀಲ 1700 ಆಗಿತ್ತಲ್ಲ, ಆಗ ಬೆಲಾರುಸ್ ಗೊಬ್ಬರ ಲಿಥುವೇನಿಯಾ ದಾಟಿ ಬಂದರಿಗೆ ಬರದಂತೆ ಮಾಡಿದ್ದಕ್ಕೆ ನೀವೇನು ಅಂತಿದ್ರಿ ಅಂದೆ. ‘ಬಂದ್ ಅಂತಿದ್ವಿ, ಇನ್ನೇನು’ ಅಂದರು. ಬಂಧ, ಬಂದ್ ಎರಡೂ ಒಂದೇ ಬಳ್ಳಿಯವು ಅಲ್ವಾ ಮೇಷ್ಟ್ರೇ? ಇದಕ್ಕೆ ನಾಳೆ ಬಯ್ಯಿರಿ.

ಈಗ ಇನ್ನೊಂದು ತಾಪತ್ರಯ. ನಾನು ಕಳಿಸಿದ್ದು ಯೂನಿಕೋಡ್, ಅಂಗಡಿಯದು ಹಳೇ ನುಡಿ ಫಾಂಟು. ಪರದೆ ಮೇಲೆ ‘ನಿಬರ್ಂಧ’ ಅಂತ ಬಂದಿದೆ. ಹುಡುಗ ಅರ್ಕಾವೊತ್ತು ಹುಡುಕುತ್ತಾ ಇದ್ದಾನೆ, ನಾನು ಪಕ್ಕದಲ್ಲೇ ಸ್ಟೂಲ್ ಹಾಕಿಕೊಂಡು ಕೂತಿದ್ದೇನೆ.