ಅಪ್‌ಡೇಟ್: ತಮ್ಮನ ಭುಜದ ಆಪರೇಷನ್ ಆಯ್ತು

ಸೇನೆಯಲ್ಲಿರುವ ತಮ್ಮನ ಭುಜ ಪದೇ ಪದೇ ಜಾರುತ್ತಿದೆ, ಆಪರೇಷನ್ ಬೇಕಾ, ವ್ಯಾಯಾಮ ಸಾಕಾ ಅಂತ ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಧನ್ಯವಾದ.

ಎಂಆರ್‌ಐನಲ್ಲಿ ಬ್ಯಾಂಕಾರ್ಟ್ ಗಾಯ ಕಂಡಿತು. ಅಂದರೆ ಕೀಲಿನ ಗುಳಿಯ ಮುಂದಿನ ಅಂಚಲ್ಲಿ ಲೇಬ್ರಮ್ (ಗುಳಿಯ ಸುತ್ತಲಿನ ಮೆತ್ತನೆ ಪಟ್ಟಿ) ಕಿತ್ತಿದೆ. ಪುಣ್ಯಕ್ಕೆ ಮೂಳೆ ಜಾಸ್ತಿ ಸವೆದಿರಲಿಲ್ಲ. ಸವೆದಿದ್ದರೆ ಲಟಾರ್ಜೆ ಅನ್ನೋ ಆಪರೇಷನ್ ಮಾಡಿ ಮೂಳೆಯ ತುಂಡು ಕೂರಿಸಬೇಕಿತ್ತು. ಇವನಿಗೆ ಕೀಹೋಲ್‌ನಲ್ಲೇ (ಸಣ್ಣ ತೂತುಗಳ ಮೂಲಕ) ಲೇಬ್ರಮ್ ಹೊಲಿದರು. ಚಿಕ್ಕ ವಯಸ್ಸು, ಹಗ್ಗ ಹತ್ತುವ ಕೆಲಸ. ಬರೀ ವ್ಯಾಯಾಮ ನಂಬಿದರೆ ಮತ್ತೆ ಜಾರುವ ಸಾಧ್ಯತೆ ಹೆಚ್ಚು ಎಂದರು ಡಾಕ್ಟರ್. ನನಗೂ ಇದೇ ಸರಿ ಅನ್ನಿಸಿತು.

ಈಗ ಫಿಸಿಯೋ ನಡೆಯುತ್ತಿದೆ. ತೋಳು ಮೇಲೆತ್ತಿ ಹಿಂದಕ್ಕೆ ತಿರುಗಿಸುವಂತಿಲ್ಲ, ಕೀಲು ಜಾರುವುದು ಆ ಭಂಗಿಯಲ್ಲೇ ಜಾಸ್ತಿ. ಸೇನೆಯಲ್ಲಿ ಅವನನ್ನು ಲೋ ಮೆಡಿಕಲ್ ಕೆಟಗರಿಗೆ (ಪೂರ್ತಿ ಫಿಟ್ ಅಲ್ಲ ಅನ್ನೋ ದರ್ಜೆ) ಹಾಕಿದ್ದಾರೆ ಅಂದಾಗ ನೌಕರಿಯೇ ಹೋಯ್ತು ಅಂತ ಅಮ್ಮ ಅತ್ತುಬಿಟ್ಟರು. ಸದ್ಯಕ್ಕೆ ಅದು ತಾತ್ಕಾಲಿಕ. ಮೆಡಿಕಲ್ ಬೋರ್ಡ್ ಮತ್ತೆ ಪರೀಕ್ಷಿಸುತ್ತದೆ.