ಹತ್ತನೇ ಕ್ಲಾಸಿನ 24 ಮಕ್ಕಳಲ್ಲಿ ಹತ್ತು ಜನ ಫೇಲು, ಎಲ್ಲಿಂದ ಶುರು ಮಾಡಲಿ?

ಪ್ರಭಾರ ಮುಖ್ಯ ಶಿಕ್ಷಕಿ, ಯಾದಗಿರಿ ಕಡೆ:
ನಮ್ಮದು ಸಣ್ಣ ಸರ್ಕಾರಿ ಹೈಸ್ಕೂಲು. ಎಂಟರಿಂದ ಹತ್ತರವರೆಗೆ ಸೇರಿ 71 ಮಕ್ಕಳು. ಈ ಸಲ (2025) ಎಸ್ಸೆಸ್ಸೆಲ್ಸಿ ಪರೀಕ್ಷೆ-1ಕ್ಕೆ, ಅಂದರೆ ವರ್ಷದ ಮೂರು ಅವಕಾಶಗಳಲ್ಲಿ ಮೊದಲನೆಯದಕ್ಕೆ, ಕೂತವರು 24, ಪಾಸಾದವರು 14. ಮೀಟಿಂಗಿನಲ್ಲಿ ಎಲ್ಲರೆದುರು ನನ್ನನ್ನು ಎಬ್ಬಿಸಿ ನಿಲ್ಲಿಸಿ ಯಾಕೆ ಹೀಗಾಯಿತು ಅಂತ ಕೇಳಿದರು. ಅರ್ಧದಷ್ಟು ಮಕ್ಕಳು ತಾಂಡಾದವರು, ಮನೆಯಲ್ಲಿ ಲಂಬಾಣಿ ಮಾತು. ದೀಪಾವಳಿ ಮುಗಿದರೆ ಹಲವರ ಅಪ್ಪ ಅಮ್ಮ ಗುಳೆ ಹೋಗುತ್ತಾರೆ. ಗಣಿತಕ್ಕೆ ಅತಿಥಿ ಶಿಕ್ಷಕರು. ಇಂಥ ಶಾಲೆ ನಡೆಸಿದವರು ಏನು ಮಾಡಿದಿರಿ, ಹೇಳಿ.

ನಿವೃತ್ತ ಗಣಿತ ಮೇಷ್ಟ್ರು, ಕೊಪ್ಪಳ ಕಡೆ:
ಮೇಡಂ, ಮೊದಲು ಶೇಕಡಾ ಲೆಕ್ಕ ಬದಿಗಿಡಿ. 24 ಮಕ್ಕಳಿರುವಲ್ಲಿ ಒಂದು ಮಗು ಅಂದರೆ ನಾಲ್ಕು ಪರ್ಸೆಂಟಿಗೂ ಜಾಸ್ತಿ. ಒಬ್ಬನಿಗೆ ಜ್ವರ ಬಂದರೂ ಶಾಲೆಯ ಫಲಿತಾಂಶ ಬಿತ್ತು ಅಂತಾರೆ. ಆ ಹತ್ತು ಮಕ್ಕಳ ಹೆಸರು ಒಂದು ಹಾಳೆಯಲ್ಲಿ ಬರೆಯಿರಿ. ಎದುರಿಗೆ ಯಾವ ವಿಷಯ ಹೋಯಿತು, ಎಷ್ಟು ಮಾರ್ಕ್ಸಿನಿಂದ, ಯಾವ ಊರು, ಹೇಗೆ ಬರುತ್ತಾರೆ, ಮನೆಯಲ್ಲಿ ಯಾರಿದ್ದಾರೆ. ಇಷ್ಟು ಸಾಕು.

ನಾನೂ ಹೀಗೇ ಬರೆದೆ. ತಾಂಡಾದ ಮಕ್ಕಳಿಗೆ ಓದಿನ ಮೇಲೆ ಮನಸ್ಸಿಲ್ಲ ಅಂತ ನನ್ನ ತಲೆಯಲ್ಲಿ ಕೂತಿತ್ತು. ಹಾಳೆ ಬೇರೆಯೇ ಹೇಳಿತು. ನಾವು ವಿಶೇಷ ತರಗತಿ ಇಟ್ಟಿದ್ದು ಸಂಜೆ ನಾಲ್ಕೂವರೆಗೆ. ತಾಂಡಾದ ಕೊನೆ ಬಸ್ಸು ಐದಕ್ಕೆ ಹತ್ತು ನಿಮಿಷ ಇರುವಾಗ. ಯಾರಿಗಾಗಿ ಕ್ಲಾಸು ಮಾಡಿದೆವೋ ಅವರೆಲ್ಲ ಬಸ್ಸಿನಲ್ಲಿ! ಹೇಗೂ ಪಾಸಾಗುವ ಊರಿನ ಮಕ್ಕಳು ಕೂತು ಅದನ್ನೇ ಎರಡನೇ ಸಲ ಕೇಳುತ್ತಿದ್ದರು. ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ ಫ್ರೀ ಆದರೇನು, ಇರೋದೇ ಒಂದು ಬಸ್ಸು. ಬೆಳಗಿನ ಬಸ್ಸು ಎಂಟೂವರೆಗೇ ಬರುತ್ತಿತ್ತು, ಮಕ್ಕಳು ಬೇವಿನ ಮರದ ಕೆಳಗೆ ಸುಮ್ನೆ ಕೂತಿರುತ್ತಿದ್ದರು. ಅಷ್ಟು ವರ್ಷ ಅದು ನಮ್ಮ ಕಣ್ಣಿಗೇ ಬಿದ್ದಿರಲಿಲ್ಲ. ಕ್ಲಾಸನ್ನು ಆ ಹೊತ್ತಿಗೆ ತಂದೆವು.

ಇನ್ನೊಂದು. ಪೂರ್ವಸಿದ್ಧತಾ ಪರೀಕ್ಷೆಯ ಪೇಪರ್ ಇದ್ದರೆ ತೆಗೆದು ನೋಡಿ. ನಮ್ಮಲ್ಲಿ ಲೆಕ್ಕ ಬರದೆ ಬಿಟ್ಟದ್ದು ಕಡಿಮೆ, ಪ್ರಶ್ನೆಯ ಕನ್ನಡ ತಿಳಿಯದೆ ಬಿಟ್ಟದ್ದು ಜಾಸ್ತಿ. "ಸಮಾಂತರ ಶ್ರೇಢಿಯ ಸಾಮಾನ್ಯ ವ್ಯತ್ಯಾಸ" ಅಂದರೆ ನೆಲ ನೋಡುತ್ತಿದ್ದ ಹುಡುಗಿ, "2, 5, 8, ಎಷ್ಟೆಷ್ಟು ಏರ್ತಿದೆ?" ಅಂದರೆ ತಟ್ಟನೆ ಮೂರು ಅನ್ನುತ್ತಿದ್ದಳು.

ವಿಜ್ಞಾನ ಶಿಕ್ಷಕಿ, ರಾಯಚೂರು ಕಡೆ:
ಬೇರೆ ಶಾಲೆ ಜೊತೆ ಹೋಲಿಸಿಕೊಳ್ಳಬೇಡಿ. ಆರನೇ ಕ್ಲಾಸಿಗೇ ಪ್ರವೇಶ ಪರೀಕ್ಷೆ ಬರೆದು ಚುರುಕಾದವರು ಮೊರಾರ್ಜಿ ವಸತಿ ಶಾಲೆಗೆ, ಆದರ್ಶ ವಿದ್ಯಾಲಯಕ್ಕೆ ಹೋಗುತ್ತಾರೆ. ಕೈಯಲ್ಲಿ ಕಾಸಿದ್ದವರು ಕಾನ್ವೆಂಟಿಗೆ. ಎಂಟಕ್ಕೆ ನಮ್ಮ ಹತ್ತಿರ ಬರುವವರು ಹೆಚ್ಚಾಗಿ ಉಳಿದವರು. ಸೇತುಬಂಧದ (ವರ್ಷದ ಶುರುವಿನಲ್ಲಿ ಹಿಂದಿನ ಕಲಿಕೆ ನೋಡುವ ಪರೀಕ್ಷೆಯ) ಪೇಪರ್ ಜೋಪಾನ ಮಾಡಿ. ಹತ್ತಕ್ಕೆ ಬಂದಾಗ ಅದೇ ಮಗುವಿನ ಜೊತೆ ಹೋಲಿಸಿ, ಮೀಟಿಂಗಿಗೂ ಅದನ್ನೇ ಒಯ್ಯಿರಿ.

ಹಳೇ ಅಂಕಿಗೂ ಹೆದರಬೇಡಿ. 2023ರಲ್ಲಿ ರಾಜ್ಯದ ಫಲಿತಾಂಶ ಶೇ. 83.89. 2024ರಲ್ಲಿ ಪರೀಕ್ಷಾ ಕೋಣೆಗೆ ವೆಬ್‌ಕಾಸ್ಟಿಂಗ್ (ಕ್ಯಾಮೆರಾ ನಿಗಾ) ಬಂತು, ಗ್ರೇಸ್ ಮಾರ್ಕ್ಸ್ ಜಾಸ್ತಿ ಮಾಡಿದರೂ 73.40ಕ್ಕೆ ಇಳಿಯಿತು. ಆ ವರ್ಷ ಉಡುಪಿ ಶೇ. 94, ನಿಮ್ಮ ಯಾದಗಿರಿ ಶೇ. 50.59. ಮಕ್ಕಳೇನು ಒಂದೇ ವರ್ಷಕ್ಕೆ ದಡ್ಡರಾದರಾ?

ಇಂಗ್ಲಿಷ್ ಮೇಷ್ಟ್ರು, ವಿಜಯಪುರ ಕಡೆ:
ನಮ್ಮಲ್ಲಿ ಡಿಸೆಂಬರಿನಿಂದ ಪಾಸಿಂಗ್ ಪ್ಯಾಕೇಜ್, ಅಂದರೆ ಪಾಸಾಗಲು ಬೇಕಾದಷ್ಟೇ ಪಾಠ, ಅಷ್ಟೇ. ಇಂಗ್ಲಿಷಿಗೆ ಪತ್ರ, ಪದ್ಯ ಬಾಯಿಪಾಠ. ಸಮಾಜಕ್ಕೆ ನಕ್ಷೆ. ವಿಜ್ಞಾನಕ್ಕೆ ಚಿತ್ರ. ದಡ ಮುಟ್ಟುತ್ತಾರೆ. ಬೈಯುವವರು ಬೈಯಲಿ.

ನಿವೃತ್ತ ಗಣಿತ ಮೇಷ್ಟ್ರು:
ಬೈಯಲ್ಲ ಸರ್, ನಾನೂ ಕೊಟ್ಟವನೇ. ಹಾಗೆ ಪಾಸಾದ ಒಬ್ಬ ಹುಡುಗ ಮೊದಲ ಪಿಯುಸಿಯಲ್ಲೇ ಬಿಟ್ಟು ಬೆಂಗಳೂರಿಗೆ ಗಾರೆ ಕೆಲಸಕ್ಕೆ ಹೋದ. ಸಿಕ್ಕಾಗ ನಗುತ್ತಲೇ ಮಾತಾಡಿಸುತ್ತಾನೆ. ಮುಜುಗರ ನನಗೆ. ಒಂಬತ್ತರಲ್ಲೇ ಹಿಡಿದುಕೊಳ್ಳಿ.

ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸದಸ್ಯೆ, ಕಲಬುರಗಿ ಕಡೆ:
ಗುಳೆ ಹೋಗುವ ಮನೆಗೆ ದಸರಾ ಆದ ಮೇಲೆ ಹೋದರೆ ಉಪಯೋಗವಿಲ್ಲ ಅಕ್ಕಾ. ಅಷ್ಟೊತ್ತಿಗೆ ಮುಂಗಡ ತಗೊಂಡಿರುತ್ತಾರೆ. ಈಗ ಜೂನಿನಲ್ಲೇ ಹೋಗಿ. ಮಗು ಅಜ್ಜಿ ಹತ್ತಿರ ಉಳಿಯುತ್ತದೋ, ಹಾಸ್ಟೆಲಿಗೋ ಕೇಳಿ. ಸಮಾಜ ಕಲ್ಯಾಣ ಇಲಾಖೆಯ ಹಾಸ್ಟೆಲಾಗಲಿ ಬಿಸಿಎಂ (ಹಿಂದುಳಿದ ವರ್ಗಗಳ) ಹಾಸ್ಟೆಲಾಗಲಿ, ಅರ್ಜಿ ಹಾಕುವುದು ವರ್ಷದ ಆರಂಭದಲ್ಲೇ. ಫೇಲಾದವರನ್ನೂ ಬಿಡಬೇಡಿ, ಪರೀಕ್ಷೆ-3 ಇನ್ನೂ ಇದೆಯಲ್ವಾ.

ಪ್ರಭಾರ ಮುಖ್ಯ ಶಿಕ್ಷಕಿ:
ರಾತ್ರಿ ಕೂತು ಹಾಳೆ ಬರೆದೆ. ಹತ್ತರಲ್ಲಿ ಏಳು ಜನರಿಗೆ ಹೋಗಿರುವುದು ಗಣಿತ ಒಂದೇ. ನಮ್ಮ ತಾಂಡಾ ಬಸ್ಸು ಐದು ಗಂಟೆಗೆ, ಕ್ಲಾಸು ಮುಗಿಯುತ್ತಿದ್ದದ್ದು ಐದೂವರೆಗೆ. ಆರು ಜನ ಪರೀಕ್ಷೆ-2ಕ್ಕೂ ಕೂತಿಲ್ಲ. ನಾಳೆ ಪರೀಕ್ಷೆ-3ರ ಅರ್ಜಿ ಹಿಡಿದು ತಾಂಡಾಕ್ಕೆ ಹೋಗುತ್ತೇನೆ. ಒಬ್ಬಳಿಗೆ ಮದುವೆ ಮಾತು ನಡೆದಿದೆಯಂತೆ. ಮೊದಲು ಅವಳ ಮನೆಗೆ.